ದವಡೆಯ ದಾರಿ

ಹೊರಗೆ ಬಿಸಿಲು ನಲವತ್ತೆಂಟು ದಾಟಿದ ಹಗಲಿನಲ್ಲಿ ಹರಳಿಹಾಳದ ಹನಮವ್ವ ಎಂಬ ಮುದುಕಿ ತಣ್ಣಗಾಗಿ ಸತ್ತಳು. ಸತ್ತ ಮೇಲೆ ತಣ್ಣಗಾದದ್ದಲ್ಲ. ತಣ್ಣಗಾಗಿ, ಆಮೇಲೆ ಸತ್ತದ್ದು. ಈ ಹಿಂದುಮುಂದಿನ ಮಾತನ್ನು ಆ ಊರಿನ ಆರೋಗ್ಯ ಕಾರ್ಯಕರ್ತೆ ಲಾಲಬಿ ಫೋನಿನಲ್ಲಿ ಎರಡೆರಡು ಸಲ ಬಿಡಿಸಿ ಹೇಳಿದ್ದಳು. ಜಿಲ್ಲೆಯ ತಂಪು ಕೇಂದ್ರದಲ್ಲಿ ಅದನ್ನು ಕಿವಿಗೆ ಹಾಕಿಕೊಂಡವಳು ಗುಳಿಗೆಯ ಪ್ರಯೋಗಶಾಲೆಯ ದಾಕ್ಷಾಯಣಿ ಒಬ್ಬಳೇ.

"ಸತ್ತ ಮೈ ತಣ್ಣಗೇ ಇರ್ತದಲ್ಲರಿ," ಎಂದರು ಕೇಂದ್ರದ ಮುಖ್ಯಸ್ಥ ಡಾಕ್ಟರ್ ಇನಾಮದಾರ. ಅವರು ಕೆಟ್ಟವರಲ್ಲ. ಬೇಸಿಗೆ ಬಂತೆಂದರೆ ಮನೆ ಮಠ ಮರೆತು ಜಿಲ್ಲೆಯ ಜನರನ್ನು ಬದುಕಿಸಿಕೊಂಡು ಬಂದವರು.

"ಉಸಿರು ಇದ್ದಾಗನ ತಣ್ಣಗಿತ್ತು ಅಂತಾಳ್ರಿ ಸರ್. ನೀರಿನ ಗಡಿಗಿ ಮುಟ್ಟಿದಂಗ ಆತಂತ."

"ಗಾಬರಿಯೊಳಗ ಕೈಗೆ ಏನು ತಿಳೀತದ? ಥರ್ಮಾಮೀಟರ್ ಏನು ತೋರಿಸ್ತು?"

"ಏನೂ ತೋರಿಸಲಿಲ್ಲಂತ. ಸೆಲ್ ಹೋಗಿರಬೇಕು ಅಂದ್ಲು."

"ನೋಡ್ರಿ ಮತ್ತ. ಅದನ್ನೆಲ್ಲಾ ಬಿಡ್ರಿ, ಚುಕ್ಕಿ ಏನು ಹೇಳ್ತದ?" ಇನಾಮದಾರರು ಗೋಡೆಯ ಪರದೆಯತ್ತ ಬೆರಳು ಮಾಡಿದರು.

ಕೇಂದ್ರವೆಂದರೆ ಜಿಲ್ಲಾ ಊರಿನ ಹಳೆಯ ಹತ್ತಿ ಗೋದಾಮಿನಲ್ಲಿ ಹೂಡಿದ ಒಂದು ಉದ್ದನೆಯ ಕೋಣೆ. ಗೋಡೆಯ ತುಂಬ ಪರದೆ, ಪರದೆಯ ತುಂಬ ಮಲಪ್ರಭೆಯ ದಂಡೆಗುಂಟ ಚದುರಿದ ಊರುಗಳು, ಊರಿನೊಳಗೆ ಸಾಸಿವೆಕಾಳಿನಂಥ ಚುಕ್ಕೆಗಳು. ಒಂದು ಚುಕ್ಕೆ ಅಂದರೆ ಒಬ್ಬ ಮನುಷ್ಯ. ಬೇಸಿಗೆಗಳು ಮನುಷ್ಯರ ಮೈಗೆ ಮೀರಿ ಹೋಗಿ, ಹೊಲದಲ್ಲಿ, ಭಟ್ಟಿಯಲ್ಲಿ ದುಡಿಯುವವರು ನಿಂತಲ್ಲೇ ಕುಸಿಯತೊಡಗಿದ ಮೇಲೆ ಸರ್ಕಾರ ಊರೂರಿಗೆ ತಂಪುಗುಳಿಗೆ ಹಂಚಿಸುತ್ತಿತ್ತು. ಮುಂಜಾನೆ ಒಂದು ನುಂಗಿದರೆ ಸಂಜೆಯ ತನಕ ಮೈಯೊಳಗಿನ ಬೆಂಕಿ ಸಣ್ಣಗೆ ಉರಿಯುತ್ತಿತ್ತು. ಚರ್ಮ ಹೊಸ ಮಣ್ಣಿನ ಗಡಿಗೆಯ ಹಾಗೆ ಒಂದೇ ಸಮ ಜಿನುಗುತ್ತಿತ್ತು. ಗಡಿಗೆಯ ನೀರು ಗಾಳಿಗೆ ತಂಪಾಗುವಂತೆ ಮನುಷ್ಯನೂ ತಂಪಾಗಿರುತ್ತಿದ್ದ. ಗುಳಿಗೆಯ ಹೊಟ್ಟೆಯೊಳಗೆ ಎಳ್ಳಿಗಿಂತ ಸಣ್ಣದೊಂದು ತಾಮ್ರದ ಬಣ್ಣದ ಕಣ. ಕರುಳಿನೊಳಗೆ ಸಿಪ್ಪೆ ಕರಗಿದ ಕೂಡಲೇ ಅದು ಮುಂಗೈಯ ಪಟ್ಟಿಗೆ ಸುದ್ದಿ ಮುಟ್ಟಿಸುತ್ತಿತ್ತು. ಪರದೆಯ ಮೇಲೆ ಕೆಂಪು ಚುಕ್ಕೆ ಹಸಿರಾಗುತ್ತಿತ್ತು. ಅಗ್ಗದ ಪಟ್ಟಿ ಅದು. ಜ್ವರ, ನಾಡಿ ಏನೂ ಅದಕ್ಕೆ ತಿಳಿಯದು. ಸುದ್ದಿ ದಾಟಿಸುವುದೊಂದೇ ಅದರ ಕೆಲಸ.

ಹನಮವ್ವನ ಚುಕ್ಕೆ ಸಾಯುವತನಕ ಕೆಂಪಗೇ ಇತ್ತು. ಗುಳಿಗೆ ನುಂಗಿಲ್ಲ, ಬಿಸಿಲು ಬಡಿದು ಸತ್ತಿದ್ದಾಳೆ ಎಂದು ಓದಿಕೊಳ್ಳಲು ಯಾರ ಬುದ್ಧಿಯೂ ಬೇಕಿರಲಿಲ್ಲ. ಆ ಊರಿನಲ್ಲಿ ಇನ್ನೂ ಕೆಲವು ಚುಕ್ಕೆಗಳು ವಾರದಿಂದ ಹಾಗೇ ಇದ್ದವು. ಎಲ್ಲವೂ ಮುದುಕಿಯರವು.

"ಕೆಂಪು ಇದ್ದವರಿಗೆ ನಾಳೆಯಿಂದ ಎರಡೆರಡು," ಎಂದರು ಇನಾಮದಾರ. "ಲಾಲಬಿ ಎದುರಿಗೆ ನಿಂತು ಬಾಯಿ ತಗಿಸಿ ನೋಡಬೇಕು. ಯಾರಾದ್ರೂ ಬಿದ್ರ ಎಂದಿನಂಗ: ಒದ್ದಿ ಅರಿವಿ, ಗಾಳಿ, ಮ್ಯಾಲೆ ಇನ್ನೊಂದು ಗುಳಿಗಿ."

"ಸರ್, ಒಂದು ದಿವಸ ತಡೀರಿ. ಚಳಿಯಿಂದ ಸತ್ತಿದ್ರ ಎರಡು ಕೊಡೋದು..."

"ತಡದು ಏನು ಮಾಡೋಣ? ಗುಳಿಗಿ ನಿಲ್ಲಿಸೋಣೇನು? ನಾಳೆ ಆ ಸುಣ್ಣದ ಭಟ್ಟಿ ಮುಂದ ಎಷ್ಟು ಮಂದಿ ಬೀಳ್ತಾರ, ನೀವ ಹೇಳ್ರಿ."

ದಾಕ್ಷಾಯಣಿ ಪರದೆಯತ್ತ ತಿರುಗಿದಳು. ಆ ಕೆಂಪು ಚುಕ್ಕೆಗಳಲ್ಲಿ ಒಂದು ಅವಳ ಸೋದರತ್ತೆ ಯಂಕವ್ವನದು. ಹೆತ್ತವಳು ಬಾಣಂತನದಲ್ಲೇ ಕಣ್ಣು ಮುಚ್ಚಿದಾಗ ಕೂಸನ್ನು ಉಡಿಯಲ್ಲಿ ಹಾಕಿಕೊಂಡು ಹೋಗಿ, ಸುಣ್ಣ ಸುಟ್ಟು ಮಾರಿ, ಓದಿಸಿ ದೊಡ್ಡವಳನ್ನಾಗಿ ಮಾಡಿದ ಅತ್ತೆ. ಎರಡು ಕೊಡಿ ಎಂದು ತಪ್ಪಿದರೂ ಸಾಯುವವಳು ಅತ್ತೆ, ಬೇಡ ಎಂದು ತಪ್ಪಿದರೂ ಅತ್ತೆ.

ಆ ಮಧ್ಯಾಹ್ನ ಪ್ರಯೋಗಶಾಲೆಯಲ್ಲಿ ಆಕೆ ಹರಳಿಹಾಳಕ್ಕೆ ಹೋದ ಗುಳಿಗೆಗಳದೇ ಒಂದು ಪೊಟ್ಟಣ ತೆಗೆದಳು. ಒಂದು ಗಾಜಿನ ಲೋಟದಲ್ಲಿ ಹೊಟ್ಟೆಯ ಹುಳಿಯಂಥ ನೀರು, ಇನ್ನೊಂದರಲ್ಲಿ ಕರುಳಿನ ರಸದಂಥ ಸವಳು, ಅಂದರೆ ಕ್ಷಾರದ ನೀರು. ಹುಳಿಯಲ್ಲಿ ಬಿದ್ದ ಗುಳಿಗೆ ಕಲ್ಲಿನಂತೆ ಕುಳಿತಿತು. ಸವಳಿನಲ್ಲಿ ಬಿದ್ದದ್ದು ಬಹಳ ಹೊತ್ತಿನ ಮೇಲೆ ಪದರು ಪದರಾಗಿ ಸುಲಿಯತೊಡಗಿತು. ಎಲ್ಲ ಸರಿಯಾಗಿತ್ತು. ಆ ಸಿಪ್ಪೆ ಮಾಡಿದವರಲ್ಲಿ ಆಕೆಯೂ ಒಬ್ಬಳು. ಅದರ ನಡೆ ನುಡಿ ಆಕೆಗೆ ಗೊತ್ತು. ಕರುಳಿನಿಂದ ಹೀರಿದ ಔಷಧವೆಲ್ಲ ಮೊದಲು ಯಕೃತ್ತಿನ ಬಾಗಿಲಿಗೆ ಹೋಗಬೇಕು. ಯಕೃತ್ತೆಂದರೆ ದಾರಿಯ ಸುಂಕದ ಕಟ್ಟೆ. ಹತ್ತು ಪಾಲಿನಲ್ಲಿ ಒಂಬತ್ತನ್ನು ಅಲ್ಲೇ ಹಿಡಿದು ಹಾಕುತ್ತದೆ. ಉಳಿದ ಒಂದು ಪಾಲು ಮೈಗೆ ಸಾಕು. ಆ ಕಟ್ಟೆಯನ್ನು ನಂಬಿಯೇ ಗುಳಿಗೆಯೊಳಗೆ ಹತ್ತು ಪಾಲು ತುಂಬಿದ್ದರು.

ಗುಳಿಗೆಯಲ್ಲಿ ತಪ್ಪಿಲ್ಲ. ಹಾಗಾದರೆ ತಪ್ಪು ಎಲ್ಲಿ? ಲೋಟ ತೊಳೆದಿಟ್ಟು, ಮರುದಿನ ಸೂರ್ಯ ಮೂಡುವ ಮೊದಲೇ ಹರಳಿಹಾಳಕ್ಕೆ ಹೋಗುವ ಗುಳಿಗೆಯ ಗಾಡಿ ಹತ್ತಿದಳು.

ಹರಳಿಹಾಳದಲ್ಲಿ ಎಲ್ಲವೂ ಬಿಳಿ. ತಲೆತಲಾಂತರದಿಂದ ಹೊಳೆದಂಡೆಯ ಸುಣ್ಣದ ಹರಳು ಆಯ್ದು ತಂದು ಸುಡುವ ಊರು ಅದು. ಗೋಡೆ, ಬೇಲಿ, ಕೋಳಿಯ ಪುಕ್ಕ, ಎಲ್ಲದರ ಮೇಲೂ ತೆಳ್ಳಗೆ ಸುಣ್ಣದ ಧೂಳು ಕುಳಿತಿರುತ್ತದೆ. ಗೋಡೆಗೆ ಬಳಿಯುವ ಸುಣ್ಣ ಬೇರೆ, ಎಲೆಗೆ ಹಚ್ಚುವ ತಿನ್ನೋ ಸುಣ್ಣ ಬೇರೆ. ತಿನ್ನೋ ಸುಣ್ಣಕ್ಕೆ ಯಂಕವ್ವನ ಕೈ ಹೆಸರುವಾಸಿ. ಬೆಣ್ಣೆಯಂತೆ ಅರಳುತ್ತಿತ್ತು.

ಯಂಕವ್ವ ಕಟ್ಟೆಯ ಮೇಲೆ ಕುಂತಿದ್ದಳು. ಎದುರಿಗೆ ಲಾಲಬಿ ಗುಳಿಗೆಯ ಡಬ್ಬಿ ಹಿಡಿದು ನಿಂತಿದ್ದಳು. ಜೊತೆಗಾತಿ ಹನಮವ್ವನನ್ನು ಮಣ್ಣು ಮಾಡಿ ಬಂದ ಮುಖ ಇನ್ನೂ ಬಾಡಿಯೇ ಇತ್ತು. ಸೊಸೆಯಂದಿರ ಮುಂದೆ ಬಾಡದ ನಾಲಿಗೆ ಮಾತ್ರ ಹಾಗೇ ಇತ್ತು.

"ಬಾರವಾ ದಾಕ್ಷಾ. ಗುಳಿಗಿ ಮಾಡೋ ಮನಿಯಾಕಿ ನೀನು, ನನಗ ಹಲ್ಲು ಹುಟ್ಟೋದೊಂದು ಗುಳಿಗಿ ಮಾಡಬಾರದ?"

"ಮೊದಲ ಇದನ್ನ ನುಂಗು ಅತ್ತಿ. ನುಂಗ್ತಿಯೋ ಇಲ್ಲೋ ನೀನು?"

"ನುಂಗದ ಏನು ಮಾಡಲಿ? ಈ ನಮ್ಮ ಲಾಲಬಿ ಸಂತ್ಯಾಗ ಎತ್ತಿನ ಹಲ್ಲು ನೋಡಿದಂಗ ಬಾಯಿ ತಗಿಸಿ ನೋಡ್ತಾಳ. ಹಲ್ಲ ಇಲ್ಲದ ಎತ್ತು ಇದು, ಕೊಳ್ಳೋರು ಯಾರೂ ಇಲ್ಲ ಅಂದ್ರೂ ಕೇಳಾಕಿಲ್ಲ."

ಲಾಲಬಿ ನಗಲಿಲ್ಲ. ಅವಳ ಕಣ್ಣು ನಿದ್ದೆಯಿಲ್ಲದೆ ಕೆಂಪಗಿದ್ದವು. ಎರಡು ಗುಳಿಗೆ ಅಂಗೈಗೆ ಹಾಕಿ, "ಇವತ್ತು ಎರಡ ಆಯಿ. ನೀರು ಕುಡಿ. ಬಾಯಿ ತಗಿ," ಎಂದಳು. ಯಂಕವ್ವ ಎರಡನ್ನೂ ಬಾಯಿಗೆ ಹಾಕಿ, ನೀರು ಕುಡಿದು, ಬಾಯಿ ತೆರೆದಳು. ಪ್ರಯೋಗಶಾಲೆಯಲ್ಲಿ ಗುಳಿಗೆ ಸರಿಯಿದ್ದುದನ್ನು ಕಂಡಿದ್ದ ದಾಕ್ಷಾಯಣಿ ಎರಡಕ್ಕೂ ಅಡ್ಡಿ ಹೇಳದೆ ತಾನೂ ಬಗ್ಗಿ ನೋಡಿದಳು. ಬೋಳು ವಸಡು, ಖಾಲಿ ನಾಲಿಗೆ. ಏನೂ ಇರಲಿಲ್ಲ.

ಯಂಕವ್ವನ ಸೊಸೆ ಕಸ್ತೂರವ್ವ ತನ್ನ ಪಾಲಿನ ಒಂದು ಗುಳಿಗೆ ನುಂಗಿ ರೊಟ್ಟಿ ಬಡಿಯಲು ಒಲೆ ಮುಂದೆ ಕುಳಿತಳು. ಬಿಸಿಲು ಏರಿತು. ದಾಕ್ಷಾಯಣಿ ರೊಟ್ಟಿ ತಿನ್ನುತ್ತ ಫೋನಿನಲ್ಲಿ ಊರಿನ ಚುಕ್ಕೆಗಳನ್ನೇ ನೋಡುತ್ತಿದ್ದಳು. ಹೊತ್ತು ಸರಿದಂತೆ ಕಸ್ತೂರವ್ವನ ಚುಕ್ಕೆ ಹಸಿರಾಯಿತು. ಭಟ್ಟಿಗೆ ಹೋದ ಗಂಡಸರ ಚುಕ್ಕೆಗಳು ಒಂದೊಂದೇ ಹಸಿರಾದವು. ಯಂಕವ್ವನದು ಕೆಂಪು. ಕಣ್ಣಾರೆ ಕಂಡ ಗುಳಿಗೆ, ಎರಡು ಗುಳಿಗೆ, ಆದರೂ ಕೆಂಪು.

"ಅತ್ತಿ ಎಲ್ಲಿ ಹೋದ್ಲು?"

"ಊಟ ಮಾಡಿ ಭಟ್ಟಿ ಚಪ್ಪರದಾಗ ಅಡ್ಡಾಗ್ತೀನಿ ಅಂತ ಹ್ವಾದ್ರು. ಅಲ್ಲಿ ಪಡುವಣ ಗಾಳಿ ಚಲೋ ಬಡಿತೈತಿ. ಬುತ್ತಿ ಕೊಟ್ಟು ಬರೂಮುಂದ ನೋಡಿ ಬರ್ತೀನಿ," ಎಂದು ಕಸ್ತೂರವ್ವ ಬುಟ್ಟಿ ಹೊತ್ತು ಹೊರಟಳು.

ಹೋದವಳು ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡುತ್ತ ಬಂದಳು. "ದಾಕ್ಷಕ್ಕ, ಅತ್ತಿ ಮಾತಾಡವಲ್ರು. ಹನಮವ್ವ ಆಯಿ ಆದಂಗ ಆಗೈತಿ."

ಚಪ್ಪರದ ಹಾಸುಗಲ್ಲಿನ ಮೇಲೆ ಯಂಕವ್ವ ಮಗ್ಗುಲಾಗಿ ಮಲಗಿದ್ದಳು. ಸೀರೆ ಹಿಂಡಿದರೆ ನೀರು ಬರುವಷ್ಟು ಬೆವರು. ಪಕ್ಕದಲ್ಲಿ ಭಟ್ಟಿ ಧಗಧಗ ಉರಿಯುತ್ತಿತ್ತು, ಒಣಗಾಳಿ ಮುಖ ಸುಡುತ್ತಿತ್ತು, ಮುದುಕಿಯ ತುಟಿ ಮಾತ್ರ ನೀಲಿ. ದಾಕ್ಷಾಯಣಿ ಕುತ್ತಿಗೆಗೆ ಕೈಯಿಟ್ಟಳು. ಹೊಸ ಗಡಿಗೆಯ ಹೊರಮೈ. ನಾಡಿ ಒಂದು ಬಡಿತ ಬಡಿದು, ಇನ್ನೊಂದು ಬಡಿಯಲೋ ಬೇಡವೋ ಎಂದು ಯೋಚಿಸುತ್ತಿತ್ತು.

ಲಾಲಬಿ ಬಕೆಟ್ಟಿನೊಂದಿಗೆ ಓಡಿ ಬಂದು ಒದ್ದೆ ಧೋತರ ಹೊದಿಸತೊಡಗಿದಳು. ಆಕೆಯ ಕೊರಳಲ್ಲಿ ತೂಗುತ್ತಿದ್ದ ಫೋನಿನಲ್ಲಿ ಇನಾಮದಾರರ ದನಿ: "ಚುಕ್ಕಿ ಇನ್ನೂ ಕೆಂಪದ. ಗಾಳಿ ಹಾಕ್ರಿ. ಇನ್ನೊಂದು ಗುಳಿಗಿ ಕೊಡ್ರಿ, ಲಗೂನ."

"ಜ್ವರ ನೋಡಿದಿ?" ದಾಕ್ಷಾಯಣಿ ಕೇಳಿದಳು.

"ಅದು ಮತ್ತ ಕೆಟ್ಟೈತ್ರಿ ಮೇಡಮ್ಮಾರ. ನಿನ್ನಿ ಹೊಸ ಸೆಲ್ ಹಾಕೀನಿ. ಬರೇ ಗೆರಿ ತೋರಿಸ್ತೈತಿ."

ದಾಕ್ಷಾಯಣಿ ಥರ್ಮಾಮೀಟರನ್ನು ಕಸಿದುಕೊಂಡು ತನ್ನ ಬಗಲಲ್ಲಿ ಇಟ್ಟಳು. ಅದು ಕುಂಯ್ ಎಂದಿತು. ಅಂಕಿ ಸರಿಯಾಗಿಯೇ ಬಂತು. ಮತ್ತೆ ಅತ್ತೆಯ ಬಗಲಿಗೆ ಇಟ್ಟಳು. ಗೆರೆ. ಯಂತ್ರ ಕೆಟ್ಟಿರಲಿಲ್ಲ. ಜ್ವರ ಅಳೆಯಲೆಂದು ಮಾಡಿದ ಯಂತ್ರ ಅದು. ಅಷ್ಟು ಕೆಳಗಿನ ಅಂಕಿಯೇ ಅದಕ್ಕೆ ಗೊತ್ತಿರಲಿಲ್ಲ.

"ಧೋತರ ತಗಿ ಲಾಲಬಿ."

"ಸರ್ ಆರ್ಡರ್ ಐತ್ರಿ..." ಲಾಲಬಿಯ ಒಂದು ಕೈಯಲ್ಲಿ ಮೂರನೆಯ ಗುಳಿಗೆ ಇತ್ತು.

"ದಾಕ್ಷಾಯಣಿಯವರ," ಫೋನು ಕೂಗಿತು, "ಒದ್ದಿ ಅರಿವಿ ತಗದ್ರ ಆಕಿ ನಮ್ಮ ಕೈ ಬಿಟ್ಟು ಹೋಗ್ತಾಳ. ಬಿಸಿಲು ಬಡದವರನ್ನ ನಾ ಸಾಕಷ್ಟು ನೋಡೀನಿ."

"ಇದು ಬಿಸಿಲಲ್ಲ ಸರ್. ಮೈ ತಣ್ಣಗಾಗೇದ."

"ಗುಳಿಗಿ ಕರಗೇ ಇಲ್ಲ. ತಣ್ಣಗ ಹೆಂಗ ಆಗ್ತದ?"

ಅದೇ ಪ್ರಶ್ನೆ. ಉತ್ತರವಿಲ್ಲದೆ ಧೋತರ ಎಳೆದರೆ ಅತ್ತೆಯನ್ನು ತಾನೇ ಕೊಂದಂತೆ; ಎಳೆಯದಿದ್ದರೂ ಕೊಂದಂತೆ. ದಾಕ್ಷಾಯಣಿ ಅತ್ತೆಯ ತಲೆಯನ್ನು ಸರಿಪಡಿಸಲು ಬಗ್ಗಿದಾಗ ದಿಂಬಿನಂತೆ ಮಡಿಸಿಟ್ಟ ಸೆರಗಿನ ಹತ್ತಿರ ಕುಟ್ಟಣಿಗೆ ಕಂಡಿತು. ಹಲ್ಲಿಲ್ಲದವರು ಎಲೆ, ಅಡಿಕೆ, ಸುಣ್ಣ ಹಾಕಿ ಕುಟ್ಟಿಕೊಳ್ಳುವ ಗೇಣುದ್ದದ ಹಿತ್ತಾಳೆ ಕೊಳವೆ. ಅದರೊಳಗೆ ಕುಟ್ಟಲು ಒಂದು ಕಬ್ಬಿಣದ ಕೋಲು, ಗುಣಿಕೆ. ಅಂಚಿಗೆ ಹತ್ತಿದ ಕೆಂಪು ಚೂರಿನಲ್ಲಿ ಏನೋ ಮಿನುಗಿತು. ಉಗುರಿನಿಂದ ತೆಗೆದು ಬಿಸಿಲಿಗೆ ಹಿಡಿದಳು. ಎಳ್ಳಿಗಿಂತ ಸಣ್ಣದು. ತಾಮ್ರದ ಬಣ್ಣ. ಅದರ ಪಕ್ಕದಲ್ಲಿ ಜಜ್ಜಿ ಹೋದ ಇನ್ನೊಂದು.

ಅತ್ತೆ ಬೋಳು ವಸಡಿನ ಹಿಂದೆ, ದವಡೆಯ ಚೀಲದಲ್ಲಿ ಗುಳಿಗೆ ಬಚ್ಚಿಟ್ಟುಕೊಂಡು, ಲಾಲಬಿ ಹೋದ ಮೇಲೆ ತೆಗೆದು ಎಲೆಯ ಜೊತೆ ಕುಟ್ಟಿದ್ದಾಳೆ. ಹೊಟ್ಟೆಯ ಹುಳಿಗೆ ಜಗ್ಗದ ಸಿಪ್ಪೆ ಸವಳಿಗೆ ಬಿಚ್ಚುತ್ತದೆ. ತಿನ್ನೋ ಸುಣ್ಣಕ್ಕಿಂತ ಸವಳು ಯಾವುದಿದೆ? ಸುದ್ದಿ ಹೇಳಬೇಕಾದ ಕಣ ಗುಣಿಕೆಯ ಏಟಿಗೆ ಮೂಕಾಯಿತು. ಸುಣ್ಣದಲ್ಲಿ ನೆನೆದ ಔಷಧ ದವಡೆಯ ತೆಳು ಪೊರೆಯಿಂದ ನೇರ ರಕ್ತಕ್ಕೆ, ರಕ್ತದಿಂದ ನೇರ ಎದೆಗೆ. ಆ ದಾರಿಯಲ್ಲಿ ಸುಂಕದ ಕಟ್ಟೆಯೇ ಇಲ್ಲ. ಹತ್ತು ಪಾಲಿಗೆ ಹತ್ತೂ ಒಳಗೆ. ಇಂದು ಎರಡು ಗುಳಿಗೆ.

"ಸರ್," ಎಂದಳು, "ಗುಳಿಗಿ ಕರಗೇದ. ಕರುಳೊಳಗಲ್ಲ, ಬಾಯೊಳಗ. ಇನ್ನೂ ಕರಗಲಿಕ್ಕೇ ಹತ್ತೇದ."



ಅತ್ತೆಯನ್ನು ಮಗ್ಗುಲಾಗಿಯೇ ಹಿಡಿದು, ತುಟಿ ಸರಿಸಿ, ದವಡೆಯೊಳಗೆ ಬೆರಳು ಹಾಕಿದಳು. ಮುದುಕಿಯರು ಎಲೆ ಉಗುಳದೆ ದವಡೆಯಲ್ಲಿ ಒತ್ತಿಕೊಂಡು ನಿದ್ದೆ ಹೋಗುವುದು ಆ ಊರಿನ ಬೇಸಿಗೆಯ ಸುಖ. ಕೆಳದವಡೆಯ ಮೂಲೆಯಿಂದ ಲಿಂಬೆಕಾಯಿ ಗಾತ್ರದ ಮುದ್ದೆ ಬಂತು. ಇನ್ನೊಂದು ಮಗ್ಗುಲಲ್ಲೂ ಅಷ್ಟೇ. "ಕಸ್ತೂರಿ, ಹುಣಸಿನೀರು. ಗಟ್ಟಿಗೆ ಕಿವುಚಿ ತಾ." ಸುಣ್ಣದ ಸೊಕ್ಕು ಮುರಿಯಲು ಹುಳಿ ಬೇಕು, ಹುಳಿ ತಾಗಿದರೆ ಉಳಿದ ಔಷಧ ಪೊರೆ ದಾಟದೆ ಜೊಲ್ಲಿನಲ್ಲೇ ನಿಲ್ಲುತ್ತದೆ. ಬಟ್ಟೆಯ ತುದಿಯನ್ನು ಹುಣಸೆನೀರಿನಲ್ಲಿ ಅದ್ದಿ ವಸಡು, ನಾಲಿಗೆಯಡಿ, ದವಡೆ ಒರೆಸಿದಳು. ಒಂದು ಹನಿಯೂ ಗಂಟಲಿಗೆ ಇಳಿಯದಂತೆ, ಮತ್ತೆ ಮತ್ತೆ.

ಧೋತರವನ್ನು ಲಾಲಬಿಯೇ ಕಿತ್ತೆಸೆದಳು.

ಆಗ ಗಾಳಿ ಒಂದು ಗಳಿಗೆ ನಿಂತಿತು. ಊರಿನ ಕಡೆಯಿಂದ ಸಪ್ಪಳ ಕೇಳಿಸಿತು. ಟಣ್, ಟಣ್, ಟಣ್. ಉಂಡು ಎದ್ದ ಹೊತ್ತು. ಯಾವುದೋ ಕಟ್ಟೆಯ ಮೇಲೆ ಯಾರೋ ಎಲೆ ಕುಟ್ಟುತ್ತಿದ್ದರು. ಅದರ ಬೆನ್ನಿಗೇ ಇನ್ನೊಂದು ಮನೆಯಿಂದ, ಬೇರೆ ದನಿಯ ಹಿತ್ತಾಳೆ.

ಲಾಲಬಿ ಮತ್ತು ದಾಕ್ಷಾಯಣಿ ಒಬ್ಬರ ಮುಖ ಒಬ್ಬರು ನೋಡಿದರು. "ಎರಡೆರಡು ಕೊಟ್ಟು ಬಂದೀನ್ರಿ ನಾನು," ಎಂದಳು ಲಾಲಬಿ, ಸಣ್ಣ ದನಿಯಲ್ಲಿ. ಮರುಕ್ಷಣ ಚಪ್ಪಲಿ ಬಿಟ್ಟು, ಸುಡುವ ನೆಲದ ಮೇಲೆ ಊರ ಕಡೆ ಓಡುತ್ತಿದ್ದಳು. "ಉಗುಳ್ರೀ, ಎಲಿ ಉಗುಳ್ರೀ," ಎಂಬ ಕೂಗು ಓಣಿಯಿಂದ ಓಣಿಗೆ ಹೋಯಿತು.

ಭಟ್ಟಿಯ ಗಂಡಸರು ಯಂಕವ್ವನನ್ನು ಗಾಳಿಯಿಲ್ಲದ ಕೋಣೆಗೆ ಎತ್ತಿ ತಂದರು. ಮೈ ಒರೆಸಿ, ಒಣ ಸೀರೆ ಸುತ್ತಿ, ಎರಡು ಕಂಬಳಿ ಹೊದಿಸಿದರು. ನಾಲ್ಕು ಗಡಿಗೆಗಳಲ್ಲಿ ಸುಟ್ಟ ಹರಳು ಹಾಕಿ ನೀರೆರೆದರು. ಸುಣ್ಣ ಕೊತಕೊತ ಕುದಿದು ಅರಳಿತು, ಗಡಿಗೆ ಬಿಸಿಯಾಯಿತು. ಗಡಿಗೆಗಳಿಗೆ ಗೋಣಿ ಸುತ್ತಿ ಮಗ್ಗುಲಿಗೆ ಇಟ್ಟರು. ಹೊರಗೆ ನೆಲ ಕಾಯ್ದ ಹಂಚಾಗಿತ್ತು. ಒಳಗೆ ಒಬ್ಬ ಮುದುಕಿಗೆ ಕಾವು ಕೊಡಲು ನಾಲ್ಕು ಜನ ಬೆವರು ಸುರಿಸುತ್ತಿದ್ದರು.

ಫೋನು ಮತ್ತೆ ಮಾತಾಡಿತು. ಇನಾಮದಾರರ ದನಿ ಇಳಿದಿತ್ತು. "ಎರಡರ ಆದೇಶ ಹಿಂದಕ್ಕ ತಗೊಂಡೀನಿ. ಎಲ್ಲಾ ಊರಿಗೂ. ಅಂಬ್ಯುಲನ್ಸ್ ಹೊರಟದ." ಕೊನೆಗೆ, "ನಾಡಿ?" ಎಂದರು.

"ಇನ್ನೂ ಅಷ್ಟ ಅದ ಸರ್."

ದಾಕ್ಷಾಯಣಿ ಅತ್ತೆಯ ಮಣಿಕಟ್ಟು ಬಿಡದೆ ಕುಳಿತಳು. ಗಡಿಗೆ ಆರಿದರೆ ಕಸ್ತೂರವ್ವ ಬೇರೆ ಗಡಿಗೆ ತರುತ್ತಿದ್ದಳು. ಲಾಲಬಿ ಬಂದು ಬಾಗಿಲಲ್ಲಿ ಕುಸಿದು ಕೂತು, ಓಣಿಯ ಮುದುಕಿಯರೆಲ್ಲ ಉಗುಳಿದರು, ಒಬ್ಬಾಕೆಗೆ ಸ್ವಲ್ಪ ನಡುಕ ಬಂದಿದೆ, ಮಾತಾಡುತ್ತಿದ್ದಾಳೆ, ಬೈಯುತ್ತಿದ್ದಾಳೆ ಎಂದಳು. ಅವಳ ಅಂಗಾಲಿನ ತುಂಬ ಬೊಬ್ಬೆ ಎದ್ದಿದ್ದವು. ಗೋಡೆಯ ನೆರಳು ಅಂಗಳದ ಅರ್ಧಕ್ಕೆ ಬಂದಾಗ ಬೆರಳಿನ ಕೆಳಗೆ ನಾಡಿ ಒಂದಕ್ಕೊಂದು ಹತ್ತಿರ ಬರತೊಡಗಿತು. ಮುದುಕಿ ನಡುಗಿದಳು. ನಡುಗಿದ್ದು ಕಂಡು ದಾಕ್ಷಾಯಣಿಗೆ ಅಳು ಬಂತು. ಮೈ ತಾನೇ ಬೆಂಕಿ ಹೊತ್ತಿಸಿಕೊಳ್ಳುತ್ತಿದೆ ಎಂದು ಅರ್ಥ. ಥರ್ಮಾಮೀಟರು ಗೆರೆ ಬಿಟ್ಟು ಅಂಕಿ ತೋರಿಸಿತು.

ಯಂಕವ್ವ ಕಣ್ಣು ತೆರೆದು, ನಾಲಿಗೆಯಿಂದ ದವಡೆ ತಡಕಿದಳು.

"ನನ್ನ ಎಲಿ ಯಾರು ತಗದ್ರು?"

"ನಾ ತಗದೆ. ಗುಳಿಗಿ ಯಾಕ ಕುಟ್ಟಿದಿ ಅತ್ತಿ?"

"ಇಷ್ಟು ದಪ್ಪಂದು ಗಂಟಲದಾಗ ನಿಂದರತಿತ್ತವಾ. ನುಂಗಿದ್ರೂ ತಂಪು ಆಗಾಕ ಹೊತ್ತು ಮ್ಯಾಲೆ ಬರಬೇಕು. ಎಲಿಯಾಗ ಒಂದು ಚೂರು ಕುಟ್ಟಿದ್ರ ಉಗುಳೋದ್ರಾಗ ಮೈ ಹಗುರ. ಒಂದ ಗುಳಿಗಿ ನಾವು ನಾಕು ಮಂದಿ ಮುದುಕಿಯರು ಹಂಚಿಕೋತಿದ್ವಿ. ಇವತ್ತ ಎರಡು ಕೊಟ್ರು. ಎರಡು ಕೊಟ್ಟಾರಂದ್ರ ಎರಡೂ ಬೇಕಾಗಿದ್ದೀತು ಅಂದೆ."

ಮುದುಕಿ ಸೂರು ನೋಡುತ್ತ ಬೆರಳು ಮಡಿಸಿ ಏನನ್ನೋ ಎಣಿಸಿದಳು.

"ಹನಮಿ ಅವತ್ತ ಧಗಿ ಭಾಳ ಐತಿ ಅಂತ ಇಡೀದ ಒಂದು ಕುಟ್ಟಿಕೊಂಡ್ಲು," ಎಂದಳು. "ದವಡಿ ಉಬ್ಬಿತ್ತು ಆಕೀದು. ಎಲಿ ಬಾಯಾಗ ಇಟಗೊಂಡ ಹ್ವಾದ್ಲು, ಮುತ್ತೈದಿ ಸಾವು, ಪುಣ್ಯಾತಗಿತ್ತಿ ಅಂತ ಬಂದೋರಿಗೆಲ್ಲಾ ನಾನ ಹೇಳಿದೆ. ಹಂಗ ಮಣ್ಣು ಮಾಡಿದ್ವಿ." ಕಂಬಳಿಯೊಳಗಿಂದ ಕೈ ತೆಗೆದು ತನ್ನ ದವಡೆ ಮುಟ್ಟಿಕೊಂಡಳು: "ಆಕಿ ಬಾಯಾಗಿಂದ ಯಾರಾದ್ರೂ ತಗದಿದ್ರ?"

ಬಾಗಿಲಲ್ಲಿದ್ದ ಲಾಲಬಿ ಮುಖ ತಿರುಗಿಸಿಕೊಂಡಳು.

ಆಸ್ಪತ್ರೆಯಿಂದ ಯಂಕವ್ವ ಮರಳಿ ಬಂದ ಮೇಲೆ, ದಾಕ್ಷಾಯಣಿ ಹರಳಿಹಾಳಕ್ಕೆ ಹೊಸ ಗುಳಿಗೆ ತಂದಳು. ಸಣ್ಣದು, ಅಂಬಲಿಯಲ್ಲಿ ಜಾರುವಂಥದ್ದು, ಕುಟ್ಟಿದರೆ ಬಾಯಿ ಸುಟ್ಟು ಹೋಗುವಷ್ಟು ಕಹಿ ಬೆರೆಸಿದ್ದು. ಕಹಿಯನ್ನು ಸೂಚಿಸಿದವರು ಇನಾಮದಾರರು. ಈ ಹೊಸ ಗುಳಿಗೆಗಿಂತ ಮೊದಲೇ ಊರಿನಲ್ಲಿ ಇನ್ನೊಂದು ರೂಢಿ ಬಂದಿತ್ತು. ಉಂಡು ಅಡ್ಡಾಗುವ ಹೊತ್ತಿಗೆ ಓಣಿಯ ಸೊಸೆಯಂದಿರು ಅತ್ತೆಯಂದಿರ ಮುಂದೆ ಕೂತು ಬಾಯಿ ತೆಗೆಸುತ್ತಿದ್ದರು. ಇಷ್ಟು ವರ್ಷ ಮುಚ್ಚಿಸಲಾಗದ್ದನ್ನು ಈಗ ತೆಗೆಸುತ್ತೇವೆ ಎಂದು ಕಸ್ತೂರವ್ವ ನಗೆಯಾಡುತ್ತಿದ್ದಳು.

ಯಂಕವ್ವ ಅಂಬಲಿಯೊಂದಿಗೆ ಗುಳಿಗೆ ನುಂಗಿದಳು. ಕುಟ್ಟಣಿಗೆಯನ್ನು ತೊಳೆದು, ಬರೀ ಎಲೆ ಅಡಿಕೆ ಕುಟ್ಟಿ, ಮೆದ್ದು, ಅಂಗಳದ ಮೂಲೆಗೆ ಉಗುಳಿ ಬಂದು ಚಾಪೆಯ ಮೇಲೆ ಕೂತಳು. ಬಾಯಿ ಅಗಲ ತೆರೆದಳು. ಬೋಳು ವಸಡು, ಖಾಲಿ ನಾಲಿಗೆ.

"ನೋಡಿದಿಲ್ಲ?"

ದಾಕ್ಷಾಯಣಿ ಈ ಸಲ ನೋಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಅತ್ತೆಯ ಎಡದವಡೆಯೊಳಗೆ ಬೆರಳು ಹಾಕಿ ಮೂಲೆಯತನಕ ತಡವಿದಳು, ಆಮೇಲೆ ಬಲದವಡೆ. ಬೆಚ್ಚಗಿತ್ತು.